ಬಾಣಂತಿ ಕೋಣೆಯಲ್ಲಿ ಕ್ಯಾಮೆರಾ

ಚಳಿಗಾಲದ ಭಾನುವಾರಗಳಂದು ಬೆಳಗಿನ ನಾಲ್ಕೂವರೆಗೆ ನಮ್ಮ ವಿಮಾನ ನಗರದ ಒಳಬೀದಿಗಳಲ್ಲಿ ಕಾರುಗಳ ಬಾಗಿಲು ಮುಚ್ಚುವ ಸದ್ದು ಕೇಳಿಸುತ್ತದೆ. ಹಾಲಿನವನು ಇನ್ನೂ ಬಂದಿರುವುದಿಲ್ಲ. ಹಿಂದಿನ ಸೀಟಿನಲ್ಲಿ ಕೂಸನ್ನು ಮಲಗಿಸುವಷ್ಟು ಜೋಪಾನವಾಗಿ ಉದ್ದನೆಯ ಮಸೂರಗಳನ್ನು ಮಲಗಿಸಿ, ಫ್ಲಾಸ್ಕಿನಲ್ಲಿ ಚಹಾ ತುಂಬಿಕೊಂಡು, ನಮ್ಮ ಮಿತ್ರರು ನೂರು ಕಿಲೋಮೀಟರು ದೂರದ ಭಿಗವಣಕ್ಕೆ ಹೊರಡುತ್ತಾರೆ. ಸಂಜೆಯ ಹೊತ್ತಿಗೆ ಉಜನಿ ಜಲಾಶಯದ ಹಿನ್ನೀರಿನ ರಾಜಹಂಸಗಳು ನಮ್ಮೆಲ್ಲರ ಮೊಬೈಲುಗಳ ಮೇಲೆ ಇಳಿದಿರುತ್ತವೆ. ನಾವೂ ಹೆಬ್ಬೆರಳಿನ ಗುರುತನ್ನೊತ್ತಿ ಮಲಗುತ್ತೇವೆ. ಅವರು ಹೊರಟ ಬೀದಿಯ ಮಳೆಮರದಲ್ಲಿ ಅದೇ ಬೆಳಗ್ಗೆ ಯಾವ ಹಕ್ಕಿ ಕೂಗಿತೆಂದು ಯಾರಿಗೂ ತಿಳಿದಿರುವುದಿಲ್ಲ.

ಈ ಲೇಖನ ಆ ಮಿತ್ರರ ವಿರುದ್ಧವಾದುದು. ಮೂರು ವರ್ಷಗಳ ಹಿಂದಿನ ನಮ್ಮ ವಿರುದ್ಧವೂ ಹೌದು. ನಮ್ಮ ವಾದವನ್ನು ಮೊದಲೇ ಹೇಳಿಬಿಡುತ್ತೇವೆ: ಮನೆಯ ಸುತ್ತಲಿನ ಜೀವಿಗಳ ಚಿತ್ರ ತೆಗೆಯುವುದು ದೊಡ್ಡ ಕಾಡಿಗೆ ಹೋಗಲಾರದವರ ಸಣ್ಣ ಸಮಾಧಾನವಲ್ಲ. ಕ್ಯಾಮೆರಾ ಹಿಡಿದವನಿಗೆ ಅದೇ ಮೊದಲ ಕರ್ತವ್ಯ. ಆದರೆ ಅದು ಕರ್ತವ್ಯವಾಗುವುದು ಕ್ಯಾಮೆರಾವನ್ನು ಎಲ್ಲಿ ಕೆಳಗಿಳಿಸಬೇಕೆಂದು ಅರಿತಾಗ ಮಾತ್ರ. ಈ ಎರಡು ಮಾತುಗಳಲ್ಲಿ ಮೊದಲನೆಯದನ್ನು ಒಪ್ಪುವವರು ಹಲವರು. ಎರಡನೆಯದಕ್ಕೆ ಬಂದಾಗ ಕೆಮ್ಮುತ್ತಾರೆ.

ಎರಡನೆಯದರಿಂದಲೇ ಆರಂಭಿಸೋಣ, ಏಕೆಂದರೆ ಅದನ್ನು ನಾವು ತಪ್ಪು ಮಾಡಿ ಕಲಿತೆವು. ಏಪ್ರಿಲ್ ತಿಂಗಳಲ್ಲಿ ನಮ್ಮ ಎರಡನೆಯ ಮಹಡಿಯ ಬಾಲ್ಕನಿಯ ಬಳ್ಳಿಯ ನಡುವೆ ಸೂರಕ್ಕಿಯೊಂದು ಗೂಡು ಕಟ್ಟಿತು. ಜೇಡರ ಬಲೆಯ ಎಳೆ, ತೊಗಟೆಯ ಚೂರು, ಒಣಗಿದ ಎಲೆ, ಎಲ್ಲಿಂದಲೋ ತಂದ ಹತ್ತಿಯ ಕುಚ್ಚು. ಇಷ್ಟರಿಂದಲೇ ತೂಗುವ ಚೀಲದಂಥ ಮನೆ. ಮನೆಯವರೆಲ್ಲ ಹಿಗ್ಗಿದೆವು. ಮರಿಗಳ ಸಣ್ಣ ಸ್ವರ ಕೇಳತೊಡಗಿದಾಗ ಹಿಗ್ಗು ಹಟವಾಯಿತು. ಗೂಡಿನ ಬಾಯಿಗೆ ಎರಡು ಮೂರು ಎಲೆಗಳು ಅಡ್ಡವಿದ್ದವು. ತಾಯಿ ಹಕ್ಕಿಯ ಕೊಕ್ಕು ಮರಿಯ ಬಾಯಿಗೆ ತಾಗುವ ಕ್ಷಣ ಸ್ಪಷ್ಟವಾಗಿ ಸಿಗುತ್ತಿರಲಿಲ್ಲ. ಕತ್ತರಿ ತಂದು ಆ ಎಲೆಗಳನ್ನು ಸವರಿದೆವು. ಕ್ಯಾಮೆರಾ ಒಬ್ಬರ ಕೈಯಲ್ಲಿತ್ತು, ಕತ್ತರಿ ಇನ್ನೊಬ್ಬರ ಕೈಯಲ್ಲಿ, ಹೊಣೆ ಎಲ್ಲರದು. ಚಿತ್ರ ಸೊಗಸಾಗಿ ಬಂತು. ಹಂಚಿಕೊಂಡೆವು. ಮರುದಿನ ಮೇಲಿನ ಮಹಡಿಯವರು ತಮ್ಮ ಮಕ್ಕಳನ್ನು ಕರೆತಂದರು. ಅದರ ಮರುದಿನ ಇಬ್ಬರು ಅಪರಿಚಿತರು ತ್ರಿಪಾದಿಯೊಂದಿಗೆ ಬಂದರು. ಅವರಿಗೂ ಚಹಾ ಕೊಟ್ಟೆವು.

ನಾಲ್ಕನೆಯ ದಿನ ಗೂಡು ಹರಿದು ಜೋತಾಡುತ್ತಿತ್ತು. ಕಾಗೆಯ ಕೆಲಸವಿರಬಹುದು, ಅದಕ್ಕೂ ಮೊದಲೇ, ಎಲೆಯ ಮರೆ ಹೋದ ಮೇಲೆ, ಪಡುವಣದ ಬಿಸಿಲು ಮರಿಗಳನ್ನು ಮುಗಿಸಿದ್ದಿರಲೂಬಹುದು. ಹೆಣ್ಣು ಹಕ್ಕಿ ಸಂಜೆಯವರೆಗೂ ಕೊಕ್ಕಿನಲ್ಲಿ ಏನನ್ನೋ ಕಚ್ಚಿಕೊಂಡು ಬಂದು, ಗೂಡಿದ್ದ ಜಾಗದಲ್ಲಿ ರೆಕ್ಕೆ ಬಡಿಯುತ್ತ ನಿಂತು, ಮತ್ತೆ ಹೋಗುತ್ತಿತ್ತು. ಆ ಹೊತ್ತಿಗೆ ಹಂಚಿಕೊಂಡ ಚಿತ್ರಕ್ಕೆ ಇನ್ನೂರು ಮೆಚ್ಚುಗೆಗಳು ಬಂದಿದ್ದವು. ಅದನ್ನು ಅಳಿಸಿದೆವು. ಅಳಿಸಿದ್ದರಿಂದ ಏನೂ ಆಗಲಿಲ್ಲ; ಅದನ್ನು ಉಳಿಸಿಕೊಂಡವರು ಈಗಲೂ ಕೆಲವೊಮ್ಮೆ ‘ಶುಭೋದಯ’ದ ಜೊತೆ ನಮಗೇ ಕಳುಹಿಸುತ್ತಾರೆ.

ನಮ್ಮಲ್ಲಿ ಬಾಣಂತಿಯ ಕೋಣೆಗೆ ಒಂದು ಮರ್ಯಾದೆಯಿದೆ. ಅಲ್ಲಿಗೆ ಯಾರು ಹೋಗಬಹುದು, ಎಷ್ಟು ಹೊತ್ತು ಇರಬಹುದು, ಬಾಗಿಲು ಎಷ್ಟು ತೆರೆದಿರಬೇಕು ಎಂಬುದನ್ನು ಮನೆಯ ಹಿರಿಯರು ನಿರ್ಧರಿಸುತ್ತಾರೆ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನ ಜನ ಈ ಮರ್ಯಾದೆಯನ್ನು ಹಕ್ಕಿಗೂ ವಿಸ್ತರಿಸಿದವರು. ಅಲ್ಲಿ ಊರೊಳಗಿನ ಹುಣಸೆ, ಅತ್ತಿ, ಅರಳಿಮರಗಳ ಮೇಲೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುತ್ತವೆ. ಅರಣ್ಯಾಧಿಕಾರಿಯಾಗಿದ್ದ ಎಸ್. ಜಿ. ನೇಗಿನಹಾಳರು 1976ರಲ್ಲಿ ಆ ಊರನ್ನು ಹೊರಜಗತ್ತಿನ ಗಮನಕ್ಕೆ ತಂದರು. ಆದರೆ ಊರವರು ಹಕ್ಕಿಗಳೊಡನೆ ಬಾಳತೊಡಗಿ ತಲೆಮಾರುಗಳೇ ಕಳೆದಿದ್ದವು. ಹಕ್ಕಿಗಳು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂಬುದು ಅಲ್ಲಿಯವರ ಮಾತು. ಹಿಕ್ಕೆಯ ನಾತವನ್ನು ಸಹಿಸಿದರು, ಹುಣಸೆಯ ಫಸಲನ್ನು ಬಿಟ್ಟುಕೊಟ್ಟರು. ಅವರ ಬಳಿ ಕ್ಯಾಮೆರಾ ಇರಲಿಲ್ಲ. ನಮ್ಮ ಬಳಿ ಅದೊಂದೇ ಇತ್ತು.

‘ಒಂದು ಫೋಟೋದಿಂದ ಏನಾದೀತು?’ ಎಂದು ಕೇಳುವವರಿಗೆ ಟಿಟ್ಟಿಭದ ಉದಾಹರಣೆ ಕೊಡುತ್ತೇವೆ. ನಮ್ಮ ಬಡಾವಣೆಯಲ್ಲಿ ಇನ್ನೂ ಕಟ್ಟಡವೇಳದ ಕೆಲವು ನಿವೇಶನಗಳಿವೆ. ಬೇಸಿಗೆಯಲ್ಲಿ ಟಿಟ್ಟಿಭ ಅಲ್ಲಿ ಬರಿ ನೆಲದ ಮೇಲೆ, ಬೆಣಚುಕಲ್ಲಿನಂಥ ಮಚ್ಚೆಯ ಮೊಟ್ಟೆಗಳನ್ನಿಡುತ್ತದೆ. ಮೇ ತಿಂಗಳ ಮಧ್ಯಾಹ್ನ ಅದು ಮೊಟ್ಟೆಗಳ ಮೇಲೆ ಕೂರುವುದು ಕಾವು ಕೊಡಲಿಕ್ಕಲ್ಲ, ನೆರಳು ಕೊಡಲಿಕ್ಕೆ. ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ತೋಯಿಸಿಕೊಂಡು ಬಂದು ಮೊಟ್ಟೆಗಳನ್ನು ತಂಪಾಗಿಡುತ್ತದೆ. ಚಿತ್ರಗ್ರಾಹಕನೊಬ್ಬ ಹದಿನೈದು ನಿಮಿಷ ಅಲ್ಲಿ ಮಂಡಿಯೂರಿದರೆ ತಾಯಿ ಹದಿನೈದು ನಿಮಿಷ ಗಾಳಿಯಲ್ಲಿ ಚೀರುತ್ತಿರುತ್ತದೆ, ಮೊಟ್ಟೆಗಳು ಹದಿನೈದು ನಿಮಿಷ ಬೇಯುತ್ತವೆ. ಅವನು ಹೋದಮೇಲೆ ಇನ್ನೊಬ್ಬ ಬರುತ್ತಾನೆ. ಅವನೂ ತೆಗೆಯುವುದು ‘ಒಂದು ಫೋಟೋ’ ಮಾತ್ರ.

ಕಾನೂನು ಇದನ್ನು ಯಾವ ಹೆಸರಿನಿಂದ ಕರೆಯುತ್ತದೆಂದು ತಿಳಿದಾಗ ನಾವೂ ಬೆಚ್ಚಿದೆವು. ಸರಕಾರಿ ಕಡತಗಳ ನಡುವೆ ಬದುಕುವ ನಮಗೆ ವ್ಯಾಖ್ಯೆಗಳನ್ನು ಓದುವ ದುರಭ್ಯಾಸವಿದೆ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಎರಡನೆಯ ಪ್ರಕರಣದಲ್ಲಿ ‘ಬೇಟೆ’ ಎಂಬ ಪದದ ಅರ್ಥವಿವರಣೆಯಿದೆ. ಕೊಲ್ಲುವುದು, ಬಲೆಯೊಡ್ಡುವುದು ಮೊದಲಾದವುಗಳ ಜೊತೆಗೆ, ಕಾಡುಹಕ್ಕಿಗಳ ಮೊಟ್ಟೆಗೆ ಅಥವಾ ಗೂಡಿಗೆ ತೊಂದರೆ ಕೊಡುವುದೂ ಬೇಟೆಯೇ ಎಂದು ಅದು ಹೇಳುತ್ತದೆ. ಇಂಗ್ಲಿಷ್ ಸಾಹಿತ್ಯ ಓದಿದ ನಮಗೆ ‘ಶೂಟ್’, ‘ಶಾಟ್’, ‘ಕ್ಯಾಪ್ಚರ್’ ಎಂಬ ಪದಗಳು ಬಂದೂಕಿನಿಂದ ಕ್ಯಾಮೆರಾಕ್ಕೆ ವಲಸೆ ಬಂದುದು ಒಂದು ಭಾಷಿಕ ಕುತೂಹಲವಾಗಿ ಮಾತ್ರ ಕಂಡಿತ್ತು. ಪದಗಳು ಸುಮ್ಮನೆ ವಲಸೆ ಬರುವುದಿಲ್ಲ. ಬರುವಾಗ ತಮ್ಮ ಸಂಸಾರವನ್ನೂ ಕರೆತರುತ್ತವೆ.

ಹಿಂದಿನವರು ಗೂಡಿನ ಚಿತ್ರ ತೆಗೆಯಲಿಲ್ಲವೇ ಎಂಬ ಪ್ರಶ್ನೆ ಬರುತ್ತದೆ, ತೆಗೆದರು. ಇಂಗ್ಲೆಂಡಿನ ಕಿಯರ್ಟನ್ ಸಹೋದರರು 1892ರಲ್ಲಿ ಮೊಟ್ಟೆಗಳಿದ್ದ ಹಕ್ಕಿಗೂಡಿನ ಚಿತ್ರ ತೆಗೆಯುವುದರೊಂದಿಗೇ ಈ ಕಲೆ ಕಣ್ಣುಬಿಟ್ಟಿತು. ಎರಿಕ್ ಹೋಸ್ಕಿಂಗ್ ಎಂಬ ಹೆಸರಾಂತ ಛಾಯಾಗ್ರಾಹಕ 1937ರಲ್ಲಿ ಗೂಬೆಯ ಗೂಡಿನ ಬಳಿ ಹೋಗಿ ತನ್ನ ಎಡಗಣ್ಣನ್ನೇ ಕಳೆದುಕೊಂಡ; ತಾಯಿ ಗೂಬೆ ತನ್ನ ಹಕ್ಕನ್ನು ಚಲಾಯಿಸಿತು. ನಮ್ಮ ನಾಡಿನ ಹಳೆಯ ಛಾಯಾಗ್ರಾಹಕರೂ ಗೂಡಿನ ಬಳಿ ಮರೆ ಕಟ್ಟಿ ಕುಳಿತವರೇ. ಅದಕ್ಕೆ ಕಾರಣವಿತ್ತು. ಆಗಿನ ಮಸೂರಗಳು ಗಿಡ್ಡ, ಫಿಲ್ಮು ಮಂದ, ಒಂದು ಸುರುಳಿಗೆ ಮೂವತ್ತಾರು ಚಿತ್ರ. ಹಕ್ಕಿ ಖಚಿತವಾಗಿ ಮರಳಿ ಬರುವ ಒಂದೇ ಜಾಗವೆಂದರೆ ಗೂಡು. ಈಗ ಲಕ್ಷ ರೂಪಾಯಿಯ ಆಸುಪಾಸಿನಲ್ಲಿ ಆರುನೂರು ಮಿಲಿಮೀಟರಿನ ಮಸೂರ ಸಿಗುತ್ತದೆ; ಸೆಕೆಂಡಿಗೆ ಇಪ್ಪತ್ತು ಚಿತ್ರ ತೆಗೆಯುವ ಕ್ಯಾಮೆರಾ ಎರಡು ಸೆಕೆಂಡಿನಲ್ಲಿ ಹಳೆಯ ಸುರುಳಿಯೊಂದನ್ನು ಮುಗಿಸಿಬಿಡುತ್ತದೆ. ಹಾರುವ ಹಕ್ಕಿಯ ಕಣ್ಣನ್ನು ಯಂತ್ರವೇ ಹುಡುಕಿ ಹಿಡಿಯುತ್ತದೆ. ಅಗತ್ಯ ಹೋಯಿತು, ಅಭ್ಯಾಸ ಉಳಿಯಿತು. ಅಗತ್ಯ ಹೋದ ಮೇಲೆ ಉಳಿದ ಅಭ್ಯಾಸಕ್ಕೆ ಚಟವೆಂದು ಹೆಸರು.

ಚಟಕ್ಕೆ ಬೇರೆ ರೂಪಗಳೂ ಇವೆ. ಮೊಬೈಲಿನಲ್ಲಿ ಹಕ್ಕಿಯ ಕೂಗನ್ನು ನುಡಿಸಿ ಅದನ್ನು ಪೊದೆಯಿಂದ ಹೊರಗೆಳೆಯುವುದು ಒಂದು. ತನ್ನ ಎಲ್ಲೆಯೊಳಗೆ ಇನ್ನೊಂದು ಗಂಡು ನುಗ್ಗಿತೆಂದು ಬಗೆದು ಅದು ಮೇವನ್ನೂ ಮರಿಗಳನ್ನೂ ಬಿಟ್ಟು ಇಲ್ಲದ ವೈರಿಯನ್ನು ಹುಡುಕುತ್ತದೆ; ನಾವು ಅದರ ಕಳವಳವನ್ನು ‘ಒಳ್ಳೆಯ ಭಂಗಿ’ ಎನ್ನುತ್ತೇವೆ. ಇನ್ನೊಂದನ್ನು ಉಜನಿಯ ಹಿನ್ನೀರಿನಲ್ಲಿ ಕಣ್ಣಾರೆ ಕಂಡೆವು. ನೀರಿನಲ್ಲಿ ತಲೆಕೆಳಗಾಗಿ ಕೊಕ್ಕಿಟ್ಟು ಮೇಯುತ್ತಿದ್ದ ರಾಜಹಂಸಗಳ ಚಿತ್ರ ಸಾಕಾದಾಗ, ದೋಣಿಯಲ್ಲಿದ್ದವರೊಬ್ಬರು ‘ಸ್ವಲ್ಪ ಹಾರಿಸಪ್ಪ’ ಎಂದರು. ದೋಣಿ ಹಿಂಡಿನೊಳಕ್ಕೆ ನುಗ್ಗಿತು. ಗುಲಾಬಿ ರೆಕ್ಕೆಗಳು ಒಮ್ಮೆಲೇ ತೆರೆದುಕೊಂಡವು. ನೂರಾರು ಮೈಲಿ ಹಾರಿ ಬಂದು ಹೊಟ್ಟೆ ಹೊರೆಯುತ್ತಿದ್ದ ಜೀವಗಳನ್ನು ನಮ್ಮ ಕಣ್ಣಿನ ಹಬ್ಬಕ್ಕಾಗಿ ಊಟದ ಎಲೆಯ ಮುಂದಿನಿಂದ ಎಬ್ಬಿಸಿದೆವು. ಪಂಕ್ತಿಯಲ್ಲಿ ಕುಳಿತವರನ್ನು ಎಬ್ಬಿಸುವುದು ಪಾಪವೆಂದು ನಮಗೆ ಕಲಿಸಿದ್ದರು.

ದೋಣಿಯವರ ಹೊಟ್ಟೆಪಾಡಿನ ಮಾತನ್ನು ನಾವು ಕಡೆಗಣಿಸುವುದಿಲ್ಲ. ನೋಡಲು ಬರುವವರಿಂದ ಮೀನುಗಾರ ಕುಟುಂಬಗಳಿಗೆ ಎರಡು ಕಾಸು ಸಿಗುವುದು ಒಳ್ಳೆಯದೇ. ಹಿನ್ನೀರಿನ ಹಕ್ಕಿ ಉಳಿಯಬೇಕೆಂದು ಬಯಸುವವರ ಸಂಖ್ಯೆಯೂ ಅದರಿಂದ ಹೆಚ್ಚುತ್ತದೆ. ಛಾಯಾಚಿತ್ರದಿಂದ ಕಾಡಿಗೆ ಉಪಕಾರವಾಗಿದೆಯೆಂಬುದೂ ನಿಜ. 1927ರಲ್ಲೇ ಎಫ್. ಡಬ್ಲ್ಯು. ಚಾಂಪಿಯನ್ ಎಂಬ ಅರಣ್ಯಾಧಿಕಾರಿ ಹುಲಿಯನ್ನು ಕೊಲ್ಲದೆ ಕ್ಯಾಮೆರಾದಲ್ಲಿ ಹಿಡಿದು ಪುಸ್ತಕ ಬರೆದು, ಬೇಟೆಯ ಕಾಲದಲ್ಲಿ ಬೇರೆ ದಾರಿ ತೋರಿದ. ಸಂಡೂರಿನ ಎಂ. ವೈ. ಘೋರ್ಪಡೆ, ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್, ಇ. ಹನುಮಂತರಾವ್ ಇವರ ಚಿತ್ರಗಳನ್ನು ನೋಡಿಯೇ ಕಾಡಿನತ್ತ ತಿರುಗಿದವರು ನಮ್ಮ ತಲೆಮಾರಿನಲ್ಲಿ ಎಷ್ಟೋ ಮಂದಿ. ಆದರೆ ಅವರ ಚಿತ್ರ ಕಾಡನ್ನು ಕಾಣದವರಿಗೆ ಕಾಡನ್ನು ತೋರಿಸಿತು. ನಮ್ಮ ಹತ್ತು ಸಾವಿರದ ಒಂದನೆಯ ರಾಜಹಂಸ ಯಾರಿಗೆ ಏನನ್ನು ತೋರಿಸುತ್ತದೆ? ನಾವು ಅಲ್ಲಿಗೆ ಹೋಗಿದ್ದೆವು ಎಂಬುದನ್ನು, ಅಷ್ಟೆ.

ಈಗ ಮೊದಲನೆಯ ಮಾತಿಗೆ ಬರುತ್ತೇವೆ. ಮನೆಯ ಬಳಿ ಏನಿದೆ, ಕಾಗೆ, ಪಾರಿವಾಳ ಎಂದು ಮೂಗು ಮುರಿಯುವವರು ನಮ್ಮಲ್ಲಿ ಬಹಳ. ಎಂ. ಕೃಷ್ಣನ್ ಅವರು 1940ರ ದಶಕದಲ್ಲಿ ಸಂಡೂರು ಸಂಸ್ಥಾನದಲ್ಲಿ ಕೆಲಸದಲ್ಲಿದ್ದು, ಅನಂತರ 1950ರಿಂದ 1996ರಲ್ಲಿ ತೀರಿಕೊಳ್ಳುವವರೆಗೂ ಪತ್ರಿಕೆಯೊಂದಕ್ಕೆ ಪ್ರಕೃತಿಯ ಅಂಕಣ ಬರೆದರು. ಆನೆಯ ಜೊತೆಗೆ ಅಳಿಲೂ ಕಾಗೆಯೂ ಅವರ ಗಮನಕ್ಕೆ ಅರ್ಹವಾಗಿದ್ದವು. ನಮ್ಮ ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತಮ್ಮ ತೋಟದ ಸುತ್ತಮುತ್ತ ವರ್ಷಗಟ್ಟಲೆ ಕ್ಯಾಮೆರಾ ಹಿಡಿದು ಕಾದರು. ‘ಕನ್ನಡ ನಾಡಿನ ಹಕ್ಕಿಗಳು’ ಪುಸ್ತಕವನ್ನು ಕೊಟ್ಟರು. ನಾವು ಆ ಪುಸ್ತಕವನ್ನು ಪುಣೆಗೆ ಹೊತ್ತು ತಂದೆವು, ಕಪಾಟಿನಲ್ಲಿಟ್ಟೆವು, ಅದನ್ನು ತವರಿನ ನೆನಪೆಂದು ಭಾವಿಸಿದೆವು. ಅದರಲ್ಲಿನ ಅನೇಕ ಹಕ್ಕಿಗಳು ಕಪಾಟಿನ ಹಿಂದಿನ ಕಿಟಕಿಯಾಚೆ ಇವೆಯೆಂದು ಹೊಳೆಯಲಿಲ್ಲ.

ಹೊರನಾಡಿನಲ್ಲಿರುವ ನಮ್ಮ ದೊಡ್ಡ ದೋಷ ಇದೇ. ನಾವಿರುವ ಊರನ್ನು ವಸತಿಗೃಹವೆಂದೇ ಬಗೆಯುತ್ತೇವೆ. ವರ್ಗಾವಣೆಯ ಆದೇಶ ಬಂದ ದಿನ ಬೀಗದ ಕೈ ಒಪ್ಪಿಸಿ ಹೊರಡಲು ಸಿದ್ಧರಾಗಿರುವವರಿಗೆ ಅಂಗಳದ ಮರದ ಹೆಸರು ಬೇಕಿಲ್ಲ. ರಾಜ್ಯೋತ್ಸವದಂದು ನೀಲಕಂಠ ನಮ್ಮ ರಾಜ್ಯಪಕ್ಷಿಯೆಂದು ಮಕ್ಕಳಿಗೆ ಕಂಠಪಾಠ ಮಾಡಿಸುತ್ತೇವೆ, ಮಹಾರಾಷ್ಟ್ರದ ರಾಜ್ಯಪಕ್ಷಿ ಹಳದಿಗಾಲಿನ ಹಸಿರು ಪಾರಿವಾಳವೆಂದೂ, ಮರಾಠಿಯಲ್ಲಿ ಅದು ‘ಹರಿಯಲ್’ ಎಂದೂ, ಹಣ್ಣು ಬಿಟ್ಟ ಆಲ, ಅತ್ತಿ, ಅರಳಿಮರಗಳಿಗೆ ಅದು ಹಿಂಡಾಗಿ ಬರುತ್ತದೆಂದೂ ಹೇಳುವುದಿಲ್ಲ, ನಮಗೇ ಗೊತ್ತಿರುವುದಿಲ್ಲ.

ಸೂರಕ್ಕಿಯ ಪ್ರಸಂಗದ ನಂತರ ನಾವು ಒಂದು ವರ್ಷ ಬಡಾವಣೆಯ ಆಚೆ ಕ್ಯಾಮೆರಾ ಒಯ್ಯುವುದಿಲ್ಲವೆಂದು ನಿರ್ಧರಿಸಿದೆವು. ಅದೊಂದು ಪ್ರಾಯಶ್ಚಿತ್ತವೆಂದುಕೊಂಡಿದ್ದೆವು, ಪಾಠಶಾಲೆಯಾಯಿತು. ಬೇಸಿಗೆಯಲ್ಲಿ ಟಕ್, ಟಕ್ ಎಂದು ತಾಮ್ರ ಬಡಿಯುವಂಥ ಸದ್ದಿನ ಹಕ್ಕಿಯನ್ನು ಕನ್ನಡದಲ್ಲಿ ಚೆಂಬುಕುಟಿಗ ಎನ್ನುತ್ತೇವೆ. ನಮ್ಮ ಕಟ್ಟಡದ ಕಾವಲುಗಾರರು ಅದನ್ನು ‘ತಾಂಬಟ’ ಎಂದರು. ಅದೇ ಅರ್ಥ, ಪುಣೆಯ ಕಸಬಾ ಪೇಠೆಯಲ್ಲಿ ತಾಮ್ರಗಾರರ ಕೇರಿಗೂ ‘ತಾಂಬಟ ಆಳಿ’ ಎಂದೇ ಹೆಸರು. ಎಲೆಯನ್ನು ಹೊಲಿದು ಗೂಡು ಮಾಡುವ ಹಕ್ಕಿ ಕನ್ನಡದಲ್ಲಿ ಸಿಂಪಿಗ, ಮರಾಠಿಯಲ್ಲಿ ‘ಶಿಂಪಿ’. ಗಡಿಯ ವಿಚಾರದಲ್ಲಿ ಎಷ್ಟು ಜಗಳವಾಡಿದರೂ ಎರಡು ನುಡಿಗಳ ಕಿವಿ ಒಂದೇ ಸದ್ದನ್ನು ಕೇಳಿದೆ. ಕೆಂಬೂತ ಇಲ್ಲಿ ‘ಭಾರದ್ವಾಜ’, ಕಾಜಾಣ ‘ಕೋತವಾಲ’, ಗೊರವಂಕ ‘ಸಾಳುಂಕಿ’. ಹನ್ನೊಂದು ವರ್ಷಗಳಲ್ಲಿ ಕಲಿಯದಷ್ಟು ಮರಾಠಿಯನ್ನು ಆ ಒಂದು ವರ್ಷದಲ್ಲಿ ಹಕ್ಕಿಗಳು ಕಲಿಸಿದವು.

ಅದರ ಜೊತೆ ಇನ್ನೊಂದೂ ತಿಳಿಯಿತು. ದೂರದ ಹಕ್ಕಿಯ ಚಿತ್ರ ತೆಗೆದವನು ಅದರ ನಾಳೆಗೆ ಹೊಣೆಯಲ್ಲ. ಕಾರು ತಿರುಗಿತೆಂದರೆ ಮುಗಿಯಿತು. ಮನೆಯ ಬಳಿಯ ಹಕ್ಕಿಯನ್ನು ನಾಳೆಯೂ ನೋಡಬೇಕು. ಅದು ಬಾರದಿದ್ದರೆ ಏಕೆಂದು ಕೇಳಬೇಕಾಗುತ್ತದೆ. ನಮ್ಮ ವಸತಿ ಸಂಕೀರ್ಣದ ಹಳೆಯ ಮಳೆಮರದಲ್ಲಿ ಒಣಗಿದ ಕೊಂಬೆಯೊಂದಿತ್ತು. ಮಳೆಗಾಲಕ್ಕೆ ಮುಂಚೆ ಅದನ್ನು ಕಡಿಸಬೇಕೆಂದು ಸಮಿತಿ ಫೆಬ್ರುವರಿಯಲ್ಲೇ ತೀರ್ಮಾನಿಸಿತ್ತು. ಚೆಂಬುಕುಟಿಗ ಹಸಿ ಮರವನ್ನು ಕೊರೆಯಲಾರದು, ಅದಕ್ಕೆ ಸತ್ತ ಕೊಂಬೆಯೇ ಬೇಕು; ಅದು ಬಿಟ್ಟ ಪೊಟರೆ ಮುಂದೆ ಬೇರೆ ಹಕ್ಕಿಗಳ ಮನೆಯಾಗುತ್ತದೆ. ನಾವು ಕೆಳಗೆ, ರಸ್ತೆಯ ಆಚೆ ಬದಿಯಲ್ಲಿ ನಿಂತು, ಪೊಟರೆಯ ಬಾಯಲ್ಲಿ ಇಣುಕಿದ ಕೆಂಪು ನೊಸಲನ್ನು ಒಂದೇ ಬಾರಿ ಚಿತ್ರಿಸಿದೆವು. ಯಾರಿಗೂ ಕಳುಹಿಸಲಿಲ್ಲ. ಸಮಿತಿಯ ಸಭೆಯಲ್ಲಿ ಮುದ್ರಿಸಿದ ಪ್ರತಿಯನ್ನು ಮೇಜಿನ ಮೇಲಿಟ್ಟು, ಮಹಾರಾಷ್ಟ್ರದ ನಗರ ಪ್ರದೇಶಗಳ ಮರ ಸಂರಕ್ಷಣೆಗೆ 1975ರ ಕಾಯಿದೆಯೊಂದಿದೆಯೆಂದು ನೆನಪಿಸಿ, ಕೊಂಬೆಯ ಕೆಳಗೆ ವಾಹನ ನಿಲ್ಲಿಸದಂತೆ ಹಗ್ಗ ಕಟ್ಟಿ ಮೂರು ತಿಂಗಳು ತಾಳಿರೆಂದು ಕೇಳಿದೆವು. ವಾದ ಬಿಸಿಯಾಯಿತು. ಕೊನೆಗೆ ಕೊಂಬೆ ಉಳಿಯಿತು. ಜೂನಿನ ಮೊದಲ ಬಿರುಗಾಳಿಗೆ ಅದು ತಾನಾಗಿ ಮುರಿದುಬಿತ್ತು. ಆ ಹೊತ್ತಿಗೆ ಮರಿಗಳು ಹಾರಿಹೋಗಿದ್ದವು. ನಮ್ಮ ಕ್ಯಾಮೆರಾ ಮಾಡಿದ ಒಂದೇ ಒಳ್ಳೆಯ ಕೆಲಸವೆಂದರೆ ಅದು. ಚಿತ್ರ ಮಸುಕಾಗಿತ್ತು.

ಮಸುಕಾದ ಚಿತ್ರಕ್ಕೂ ದಿನಾಂಕವೂ ಸ್ಥಳವೂ ಇದ್ದರೆ ಅದು ಸಾಕ್ಷಿ. ಅವೆರಡೂ ಇಲ್ಲದ ಸುಂದರ ಚಿತ್ರ ಅಲಂಕಾರ. 2023ರಲ್ಲಿ ಹೊರಬಂದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿಯು ಮೂವತ್ತು ಸಾವಿರಕ್ಕೂ ಹೆಚ್ಚು ಹವ್ಯಾಸಿಗಳು ದಾಖಲಿಸಿದ ಮೂರು ಕೋಟಿ ಗಮನಿಕೆಗಳನ್ನು ಆಧರಿಸಿ 942 ಪ್ರಭೇದಗಳನ್ನು ಪರಿಶೀಲಿಸಿತು. ದೀರ್ಘಕಾಲದ ಏರಿಳಿತವನ್ನು ಅಳೆಯಲು ಸಾಧ್ಯವಾದ 338 ಪ್ರಭೇದಗಳಲ್ಲಿ ನೂರಕ್ಕೆ ಅರುವತ್ತು ಇಳಿಮುಖವಾಗಿವೆ. ಅಲ್ಲಿಯ ಆತಂಕದ ಹೆಸರುಗಳಲ್ಲಿ ನೀಲಕಂಠವೂ ಒಂದು. ನಾವು ಕಂಠಪಾಠ ಮಾಡಿಸುವ ರಾಜ್ಯಪಕ್ಷಿಯ ಸ್ಥಿತಿಯನ್ನು ಜಾಗತಿಕ ಪಟ್ಟಿಯಲ್ಲಿ ಮತ್ತೆ ವಿಮರ್ಶಿಸಬೇಕೆಂದು ಆ ವರದಿ ಶಿಫಾರಸು ಮಾಡಿತು. ಈ ಅಂಕಿಗಳನ್ನು ಕಟ್ಟಿಕೊಟ್ಟವರು ಎಲ್ಲೆಲ್ಲಿಯೋ ತಮ್ಮ ಊರುಕೇರಿಗಳಲ್ಲಿ ಹದಿನೈದು ನಿಮಿಷ ನಿಂತು ಎಣಿಸಿದ ಜನ. ಎಣಿಕೆಯ ಆ ಪುಸ್ತಕದಲ್ಲಿ ಕಾಗೆಗೂ ರಾಜಹಂಸಕ್ಕೂ ಒಂದೊಂದೇ ಸಾಲು.

ನಮ್ಮ ಮನೆಯ ದಕ್ಷಿಣಕ್ಕೆ, ಕಲ್ಯಾಣಿ ನಗರದ ಅಂಚಿನಲ್ಲಿ, ಮುಳಾ-ಮುಠಾ ಹರಿಯುತ್ತದೆ. ಅದರ ದಂಡೆಯ ಕುರುಚಲು ಕಾಡಿಗೆ ಡಾ. ಸಲೀಂ ಅಲಿಯವರ ಹೆಸರಿದೆ. 1940ರಲ್ಲಿ ಅದೇ ಸಲೀಂ ಅಲಿಯವರ ಮಾತನ್ನು ಮನ್ನಿಸಿ ಮೈಸೂರು ಸಂಸ್ಥಾನ ರಂಗನತಿಟ್ಟನ್ನು ಪಕ್ಷಿಧಾಮವಾಗಿ ಘೋಷಿಸಿತು. ರಂಗನತಿಟ್ಟಿಗೆ ನಾವು ರಜೆ ಹಾಕಿ ಹೋಗುತ್ತೇವೆ; ಇಲ್ಲಿಗೆ ಚಪ್ಪಲಿ ಮೆಟ್ಟಿ ಹೋಗಬಹುದು, ಹೋಗುವುದಿಲ್ಲ. ಕಟ್ಟಡದ ಮಣ್ಣು, ಪ್ಲಾಸ್ಟಿಕ್ಕು, ನದಿಯ ನಾತ. ಚಿತ್ರದ ಹಿನ್ನೆಲೆ ಕೆಡುತ್ತದೆ. ಹಿನ್ನೆಲೆ ಕೆಡುತ್ತದೆಂಬ ಕಾರಣಕ್ಕೇ ನಾವು ಅಲ್ಲಿ ಕ್ಯಾಮೆರಾ ಹಿಡಿದು ನಿಲ್ಲಬೇಕು. ನದಿಯ ಕೆಳಗೆ, ಸೊಲ್ಲಾಪುರ ರಸ್ತೆಯ ಕವಡಿಯ ಬಳಿ, ಚಳಿಗಾಲದಲ್ಲಿ ನೊರೆಗಟ್ಟಿದ ನೀರಿನ ಮೇಲೆ ಕಿತ್ತಳೆಗಂದು ಬಣ್ಣದ ಬಾತುಗಳು ಜೋಡಿಯಾಗಿ ತೇಲುತ್ತವೆ. ಲಡಾಖ್, ಟಿಬೆಟ್, ಮಧ್ಯ ಏಷ್ಯಾಗಳ ಕಡೆಯಿಂದ ಹಿಮಾಲಯ ದಾಟಿ ಬರುವ ಇವು ಯಾವುವೆಂದು ಬಲ್ಲಿರಾ? ನಮ್ಮ ಹಳಗನ್ನಡ ಕವಿಗಳ ಜಕ್ಕವಕ್ಕಿ; ಇರುಳಾದೊಡನೆ ಅಗಲುವ ಚಕ್ರವಾಕ ದಂಪತಿ. ಕಾವ್ಯಗೋಷ್ಠಿಯಲ್ಲಿ ಅವುಗಳ ವಿರಹಕ್ಕೆ ಕಣ್ಣು ಒದ್ದೆ ಮಾಡಿಕೊಳ್ಳುವ ನಾವು, ಅವು ನಮ್ಮ ಕೊಳಚೆಯಲ್ಲಿ ಮೇಯುತ್ತಿರುವುದನ್ನು ನೋಡಿಲ್ಲ.

ಆ ಕೊಳಚೆ ಎಲ್ಲಿಗೆ ಹೋಗುತ್ತದೆ? ಮುಳಾ-ಮುಠಾ ಭೀಮೆಯನ್ನು ಸೇರುತ್ತದೆ. ಭೀಮೆ ಉಜನಿಯಲ್ಲಿ ನಿಂತು, ಅಂದರೆ ನಮ್ಮ ಮಿತ್ರರ ರಾಜಹಂಸಗಳಿಗೆ ಮೇವಿಕ್ಕಿ, ಪಂಢರಪುರ ದಾಟಿ ವಿಜಯಪುರ, ಕಲಬುರಗಿಗಳ ನೆಲಕ್ಕೆ ಬರುತ್ತದೆ. ಗಾಣಗಾಪುರದ ಸಂಗಮದಲ್ಲಿ ನಾವು ಮೂರು ಮುಳುಗು ಹಾಕುವ ನೀರು ಅದೇ. ವಿಮಾನ ನಗರದ ಸ್ನಾನಗೃಹದಿಂದ ಇಳಿದ ನೀರು ತವರಿಗೆ ನಮಗಿಂತ ತಪ್ಪದೆ ಹೋಗುತ್ತದೆ. ನದಿಯ ದಂಡೆಗಳನ್ನು 44 ಕಿಲೋಮೀಟರುಗಳವರೆಗೆ ಹೊಸದಾಗಿ ಕಟ್ಟುವ ನಗರದ ಯೋಜನೆಯ ಬಗ್ಗೆ ಪರ-ವಿರೋಧದ ಕೂಗುಗಳಿವೆ. ನಡತೆಯ ನಿಯಮಗಳಿಗೆ ಸಹಿ ಹಾಕಿದ ನೌಕರರಾದ ನಾವು ಅದರ ಮೇಲೆ ತೀರ್ಪು ಕೊಡುವವರಲ್ಲ. ಆದರೆ ಕಟ್ಟುವ ಮೊದಲು ಅಲ್ಲಿ ಏನಿತ್ತು, ಕಟ್ಟಿದ ಮೇಲೆ ಏನು ಉಳಿಯಿತು ಎಂಬುದಕ್ಕೆ ದಿನಾಂಕವುಳ್ಳ ಚಿತ್ರಗಳನ್ನು ಇಟ್ಟುಕೊಳ್ಳುವುದನ್ನು ಯಾವ ನಡತೆಯ ನಿಯಮವೂ ತಡೆಯುವುದಿಲ್ಲ.

ಉತ್ತರಕ್ಕೆ ತಿರುಗಿದರೆ ಲೋಹಗಾಂವ್ ವಾಯುನೆಲೆಯ ಗೋಡೆ. ಅತ್ತ ಮಸೂರ ತಿರುಗಿಸಬಾರದು. ಸೈನಿಕನಿಗೆ ಹದ್ದನ್ನು ನೋಡುತ್ತಿದ್ದೆವೆಂದು ವಿವರಿಸುವ ಪ್ರಮೇಯ ಯಾರಿಗೂ ಬಾರದಿರಲಿ. ಆದರೆ ಹದ್ದುಗಳು ರನ್‌ವೇಯ ಸುತ್ತ ಏಕೆ ಸುತ್ತುತ್ತವೆಂಬುದನ್ನು ಗೋಡೆಯ ಹೊರಗೇ ಚಿತ್ರಿಸಬಹುದು: ತೆರೆದ ಕಸ, ಎಸೆದ ಮಾಂಸದ ಚೂರು. 1937ರ ವಿಮಾನ ನಿಯಮಗಳ 91ನೆಯ ನಿಯಮ ವಿಮಾನ ನಿಲ್ದಾಣದಿಂದ ಹತ್ತು ಕಿಲೋಮೀಟರಿನೊಳಗೆ ಇಂಥ ಕಸ ಸುರಿಯುವುದನ್ನು ನಿಷೇಧಿಸುತ್ತದೆ. ಹಕ್ಕಿ ಬಡಿದರೆ ಹಕ್ಕಿಯೂ ಹೋಗುತ್ತದೆ, ವಿಮಾನಕ್ಕೂ ಅಪಾಯ. ಆ ನಿಯಮದ ಮಾತನ್ನು ಬೀದಿಯವರಿಗೆ ನಂಬಿಸಲು ಭಿಗವಣದ ಸೂರ್ಯೋದಯ ಸಾಲದು. ನಮ್ಮ ಬೀದಿಯ ಕಸದ ತೊಟ್ಟಿಯ ಮೇಲೆ ಕುಳಿತ ಹದ್ದು ಬೇಕು.

ನಾವು ಕೇಳುವುದು ಹೆಚ್ಚೇನೂ ಅಲ್ಲ. ಗೂಡಿನ ಚಿತ್ರ ಬೇಡ. ಕೂಗನ್ನು ನುಡಿಸುವುದು ಬೇಡ. ಹಕ್ಕಿ ತಲೆಯೆತ್ತಿ ನಿಮ್ಮನ್ನೇ ದಿಟ್ಟಿಸಿತೆಂದರೆ, ಅಥವಾ ಕೊಕ್ಕಿನಲ್ಲಿ ಮೇವಿದ್ದೂ ಗೂಡಿಗೆ ಹೋಗದೆ ಕೊಂಬೆಯಿಂದ ಕೊಂಬೆಗೆ ಹಾರಿತೆಂದರೆ, ನೀವು ಬಹಳ ಹತ್ತಿರ ಬಂದಿದ್ದೀರಿ, ಹಿಂದೆ ಸರಿಯಿರಿ. ಹಗಲಲ್ಲಿ ಗೂಬೆ ಮಲಗುವ ಪೊಟರೆಯ ಸ್ಥಳವನ್ನು ಯಾರಿಗೂ ಹೇಳಬೇಡಿ; ದೀಪಾವಳಿಯ ಸುಮಾರಿಗೆ ಮಾಟಮಂತ್ರಕ್ಕಾಗಿ ಗೂಬೆ ಹುಡುಕುವವರಿದ್ದಾರೆ, ಚಿತ್ರದೊಳಗೆ ಅಡಗಿರುವ ಅಕ್ಷಾಂಶ ರೇಖಾಂಶಗಳು ಅವರಿಗೂ ದಾರಿ ಹೇಳುತ್ತವೆ. ಭಿಗವಣಕ್ಕೆ ವರ್ಷಕ್ಕೊಮ್ಮೆ ಹೋಗಿ ಬನ್ನಿ, ದೋಣಿಯವರಿಗೆ ದೂರ ನಿಲ್ಲಿಸಲು ಹಣ ಕೊಡಿ. ಉಳಿದ ಭಾನುವಾರಗಳನ್ನು ನಿಮ್ಮ ಬೀದಿಗೆ ಕೊಡಿ. ವಡೋದರದಲ್ಲಿರಲಿ, ದೆಹಲಿಯಲ್ಲಿರಲಿ, ದುಬೈಯಲ್ಲಿರಲಿ, ಬಾಡಿಗೆಯ ಮನೆಯ ಕಿಟಕಿಯಾಚೆಗೆ ಬರುವ ಐದು ಹಕ್ಕಿಗಳ ಹೆಸರನ್ನು ಕನ್ನಡದಲ್ಲೂ ಆ ನೆಲದ ನುಡಿಯಲ್ಲೂ ಹೇಳಲು ಬಾರದವರು ಅಲ್ಲಿ ಇನ್ನೂ ವಾಸವಾಗಿಲ್ಲ, ತಂಗಿದ್ದಾರೆ, ಅಷ್ಟೆ.

ಈ ವರ್ಷ ಏಪ್ರಿಲ್‌ನಲ್ಲಿ ಅದೇ ಬಳ್ಳಿಗೆ ಮತ್ತೊಂದು ಸೂರಕ್ಕಿ ಬಂತು. ಬಾಲ್ಕನಿಯ ಬಾಗಿಲಿಗೆ ಪರದೆ ಇಳಿಸಿ, ಬಟ್ಟೆ ಒಣಹಾಕುವುದನ್ನು ತಾರಸಿಗೆ ಒಯ್ದೆವು. ಮರಿಗಳು ಹಾರಿದವೆಂದು ತಿಳಿದುದು ಗೂಡು ಸದ್ದಿಲ್ಲದಾದಾಗ. ಲೇಖನದ ಜೊತೆಗೆ ಒಂದು ಚಿತ್ರ ಬೇಕೆಂದು ಬಳಗದ ಮಿತ್ರರು ಕೇಳಿದರು. ಸೂರಕ್ಕಿಯದು ನಮ್ಮ ಬಳಿ ಇಲ್ಲ. ಅಡುಗೆಮನೆಯ ಕಿಟಕಿಯಿಂದ ತೆಗೆದ ಕಾಗೆಯ ಚಿತ್ರವೊಂದಿದೆ. ದಿನಾಂಕ, ಸ್ಥಳ ಎರಡೂ ಬರೆದಿವೆ. ಅದನ್ನೇ ಕಳುಹಿಸಿದ್ದೇವೆ.